ರುಚಿ ನೋಡದೆ ಬಡಿಸಿದವರು

ಮಧ್ಯಾಹ್ನ ನಮ್ಮ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನಾನು ಊಟದ ಡಬ್ಬಿ ತೆರೆದರೆ ಸಾಕು, ಯಾರದಾದರೂ ಒಂದು ಚಮಚ ಅದರೊಳಗೆ ಇಳಿಯುತ್ತದೆ. ಇರುವುದೇನೂ ದೊಡ್ಡದಲ್ಲ. ಅನ್ನ, ತಿಳಿಸಾರು, ಒಂದಿಷ್ಟು ಹುರುಳಿಕಾಯಿ ಪಲ್ಯ. ಮೊನ್ನೆ ಹೊಸದಾಗಿ ಸೇರಿದ ಹುಡುಗಿ ಸಾರಿನ ರುಚಿ ನೋಡಿ, “ಮೇಡಂ, ಇದನ್ನ ಯಾವ ಚಾನೆಲ್ ನೋಡಿ ಕಲಿತ್ರಿ?” ಎಂದು ಕೇಳಿದಳು. ಚಾನೆಲ್ ಅಲ್ಲ ಕಣೇ, ಮೆಟ್ಟಿಲು ಎಂದೆ. ಅವಳು ಹುಬ್ಬೇರಿಸಿದಳು. ವಿವರಿಸಲು ಹೊರಟರೆ ಊಟದ ಹೊತ್ತು ಮುಗಿದು, ಶಂಕರಘಟ್ಟದಿಂದ ಶಿವಮೊಗ್ಗಕ್ಕೆ ಹೋಗುವ ಸಂಜೆಯ ಬಸ್ಸೂ ತಪ್ಪುತ್ತಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಅಡಿಗೆ ಕಲಿಸಿದವರು ಭದ್ರಾವತಿಯ ನನ್ನ ಮನೆ ಮಾಲೀಕರು. ಅವರ ಮಹಡಿಯ ಮೇಲೆ ಐದು ವರ್ಷ ಬಾಡಿಗೆಗಿದ್ದೆ. ಅವರು ಹೋಗಿ ಎರಡು ವರ್ಷವಾಯಿತು. ಎಪ್ಪತ್ತು ದಾಟಿದ ಜೀವ, ಮಲಗಿದವರು ಹಾಗೇ ಹೋದರು. ಅವರನ್ನು ನೆನೆದಾಗ ನನಗೆ ಅಳು ಬರುವುದಿಲ್ಲ. “ಅಬ್ಬ, ಸದ್ಯ!” ಅನ್ನಿಸುತ್ತದೆ. ಸತ್ತವರ ಬಗ್ಗೆ ಹೀಗೆ ಬರೆಯುವವಳು ಎಂಥ ಕಲ್ಲೆದೆಯವಳು ಅಂದುಕೊಳ್ಳಬೇಡಿ. ಪೂರ್ತಿ ಓದಿ.

ಹೆಸರು ಬೇಡ. ಊರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರೂ ಕಡಿಮೆ. ಅಲ್ಲಿಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮೂವತ್ತನಾಲ್ಕು ವರ್ಷ ಅಡಿಗೆ ಮಾಡಿ ನಿವೃತ್ತರಾಗಿದ್ದರು. ಜಂಗಮರ ಮನೆತನ, ಹಣೆಯ ಮೇಲೆ ಸದಾ ವಿಭೂತಿ. ಹಾಗಾಗಿ ಕನ್ನಡದವರಿಗೆ ಅವರು ‘ಅಯ್ನೋರು’, ತಮಿಳು ತೆಲುಗಿನ ಕಾರ್ಮಿಕರಿಗೆ ‘ಸಾಮಿ’. ಕುಳ್ಳಗೆ, ಗುಂಡಗೆ ಇದ್ದರು. ಬಲಗೈಯ ಮೊಣಕೈಯಿಂದ ಕೆಳಗೆ ಒಂದು ಕೂದಲೂ ಇರಲಿಲ್ಲ. ಕೊಳದಪ್ಪಲೆಗಳ ಹಬೆಯಲ್ಲಿ ಬೆಂದು ಉದುರಿಹೋಗಿತ್ತಂತೆ. ಅದನ್ನು ಕೇಳಿದವರಿಗೂ ಕೇಳದವರಿಗೂ ತೋರಿಸುತ್ತಿದ್ದರು.

ಮನೆ ನೋಡಲು ಹೋದ ದಿನ ಅವರು ಜಾತಿ ಕೇಳಲಿಲ್ಲ, ಮದುವೆ ಯಾಕಾಗಿಲ್ಲ ಎಂದೂ ಕೇಳಲಿಲ್ಲ. “ಊಟಕ್ಕೇನ್ ಮಾಡ್ಕೋತೀಯಮ್ಮ?” ಎಂದರು.

“ಬೆಳಿಗ್ಗೆ ಬ್ರೆಡ್ಡು. ರಾತ್ರಿ ನೂಡಲ್ಸ್ ಮಾಡ್ಕೋತೀನಿ.”

ಅವರು ಮೆಟ್ಟಿಲ ಮೇಲೆ ಕೂತೇಬಿಟ್ಟರು. ಒಳಗೆ ತಿರುಗಿ ಹೆಂಡತಿಗೆ ಕೂಗಿ ಹೇಳಿದರು: “ಲೇ, ಕೇಳಿಸ್ತಾ? ಈ ಮಗು ಉಪವಾಸ ಇದೆ ಕಣೇ!” ಮಗುವಿಗೆ ಆಗ ಮೂವತ್ತಮೂರು ವರ್ಷ.

ಮರುವಾರದಿಂದ ಪಾಠ ಶುರುವಾಯಿತು. ಒಂಟಿ ಹೆಣ್ಣುಮಗಳ ಮನೆಯೊಳಗೆ ಕಾಲಿಡಬಾರದು ಎಂಬುದು ಅವರ ನೇಮ. ಹಾಗಾಗಿ ನಾನು ಮೇಲೆ ಒಲೆಯ ಮುಂದೆ, ಅವರು ಕೆಳಗೆ ಮೆಟ್ಟಿಲ ಬುಡದಲ್ಲಿ ಮೂಗು ಮೇಲೆತ್ತಿಕೊಂಡು. ಬರುವ ವಾಸನೆಯಲ್ಲೇ ಅವರಿಗೆ ಎಲ್ಲ ತಿಳಿಯುತ್ತಿತ್ತು. “ಬೇಳೆ ಇನ್ನೂ ಬೆಂದಿಲ್ಲ, ಹುಣಸೆರಸ ಈಗ್ಲೇ ಹಾಕ್ಬೇಡ, ಆಮೇಲೆ ಶಿವರಾತ್ರಿವರೆಗೂ ಬೇಯಲ್ಲ.” “ಈಗ ಪುಡಿ ಹಾಕು.” “ಏ ಮಾರಾಯ್ತಿ, ಸಾಸಿವೆ ಸೀದೋಯ್ತು, ಇಳಿಸು, ಇಳಿಸು!” ಅಕ್ಕಪಕ್ಕದವರಿಗೆಲ್ಲ ನಮ್ಮ ಮನೆಯಲ್ಲಿ ಏನು ಸೀಯಿತು ಎಂಬ ವರದಿ ಪುಕ್ಕಟೆ ಸಿಗುತ್ತಿತ್ತು.

ಒಂದು ದಿನ ನಾನು ಸಾರಿನಲ್ಲಿ ಚಮಚ ಅದ್ದಿ ಬಾಯಿಗಿಟ್ಟುಕೊಂಡೆ. ಚಮಚ ಪಾತ್ರೆಗೆ ತಾಗಿದ ಸದ್ದು ಕೆಳಗೆ ಕೇಳಿಸಿರಬೇಕು.

“ರುಚಿ ನೋಡಿದ್ಯಾ?”

“ಉಪ್ಪು ಸರಿಯಾಗಿದೆಯಾ ಅಂತ...”

“ಎಂಜಲಾಯ್ತಲ್ಲಮ್ಮ! ಬಡಿಸೋಕ್ ಮುಂಚೆ ಬಾಯಿಗೆ ಹಾಕ್ಕೊಂಡ್ರೆ ಉಣ್ಣೋರಿಗೆ ಎಂಜಲು ಇಕ್ಕಿದ ಹಾಗೆ. ನಮ್ ಗುರುಗಳು ಹೇಳೋರು, ಮೂಗಿಗೆ ಎಂಜಲಿಲ್ಲ ಅಂತ. ಕುದಿ ಬಂದಾಗ ಹಬೆಗೆ ಮೂಗು ಕೊಡು. ಉಪ್ಪು ಕಮ್ಮಿ ಇದ್ರೆ ಹಸಿಹಸಿ ವಾಸನೆ ಇರುತ್ತೆ. ಸರಿ ಇದ್ರೆ ಸಾರು ಮಾತಾಡುತ್ತೆ.”

ನಾನು ಎಷ್ಟು ಮೂಗು ಕೊಟ್ಟರೂ ನನ್ನ ಸಾರು ತುಟಿಪಿಟಕ್ಕೆನ್ನಲಿಲ್ಲ. ಅವರು ಮಾತ್ರ ಮೂವತ್ತನಾಲ್ಕು ವರ್ಷ ದಿನಕ್ಕೆ ಎಂಟುನೂರು ಜನಕ್ಕೆ ಒಂದೇ ಒಂದು ಸಲವೂ ರುಚಿ ನೋಡದೆ ಬಡಿಸಿದ್ದರು. ಉಪ್ಪು ಹೆಚ್ಚಾಯಿತು ಎಂದು ಒಬ್ಬನೂ ತಟ್ಟೆ ತಳ್ಳಿರಲಿಲ್ಲವಂತೆ.

ಇಂಥ ಮನುಷ್ಯ ಸ್ವಂತ ಮನೆಯ ಒಲೆ ಹಚ್ಚಿದವರಲ್ಲ. ಆ ಅಡಿಗೆಮನೆ ಅಮ್ಮನದು. ಅವರ ಹೆಂಡತಿಯನ್ನು ನಾನು ಅಮ್ಮ ಎಂದೇ ಕರೆಯುತ್ತಿದ್ದೆ. “ಊರಿಗೆಲ್ಲ ಅಡಿಗೆ ಮಾಡ್ದೋರು ಕಣೇ, ಮನೇಲಿ ನೀರಿನ ಲೋಟ ಎಲ್ಲಿದೆ ಅಂತ ನನ್ನೇ ಕೇಳ್ತಾರೆ,” ಎಂದು ಅಮ್ಮ ನಗುತ್ತಿದ್ದರು. ನಿವೃತ್ತಿಯ ಮೇಲೆ ಅಯ್ನೋರಿಗೆ ಅಲ್ಲಿ ಸಿಕ್ಕ ಕೆಲಸ ಒಂದೇ, ಜಗಲಿಯ ಮೇಲೆ ಈಳಿಗೆಮಣೆ ಹಾಕಿಕೊಂಡು ತರಕಾರಿ ಹೆಚ್ಚುವುದು. ಇಬ್ಬರ ಪಲ್ಯಕ್ಕೆ ಎರಡು ಎಲೆಕೋಸು ಹೆಚ್ಚಿ ಬೈಸಿಕೊಳ್ಳುತ್ತಿದ್ದರು.

ಮೂರನೆಯ ವರ್ಷ ಅಮ್ಮನಿಗೆ ಉಸಿರು ಕಟ್ಟತೊಡಗಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಬಂದರು. ಹೃದಯಕ್ಕೆ ಬಲ ಸಾಲದು, ಮೈಯಲ್ಲಿ ನೀರು ನಿಲ್ಲುತ್ತದೆ, ಉಪ್ಪು ಇಡೀ ದಿನಕ್ಕೆ ಅರ್ಧ ಚಮಚ, ಹೋಟೆಲಿನ ಊಟ ಮುಟ್ಟಕೂಡದು ಎಂದು ಡಾಕ್ಟರು ಬರೆದುಕೊಟ್ಟರು. ಶಿವಮೊಗ್ಗದಲ್ಲೇ ನವುಲೆ ಬಡಾವಣೆಯಲ್ಲಿರುವ ಮಗಳು ನಮ್ಮಲ್ಲಿಗೇ ಬಾ ಎಂದು ಕರೆದಳು. ಅಮ್ಮ ಒಪ್ಪಲಿಲ್ಲ. ಅಯ್ನೋರು ವಲ್ಲಿಯನ್ನು ಸೊಂಟಕ್ಕೆ ಬಿಗಿದು, ಮದುವೆಯಾದ ನಲವತ್ತು ವರ್ಷಕ್ಕೆ ಮೊದಲ ಸಲ ಹೆಂಡತಿಯ ಅಡಿಗೆಮನೆ ಹೊಕ್ಕರು.

ಮೊದಲ ದಿನ ಅನ್ನವಾದದ್ದು ಇಪ್ಪತ್ತು ಜನಕ್ಕೆ. ಕೈ ಅಷ್ಟಕ್ಕೇ ಪಳಗಿತ್ತು. ಬೀದಿಯವರೆಲ್ಲ ಪಾತ್ರೆ ತಂದು ಚಿತ್ರಾನ್ನ ಒಯ್ದರು. “ರೀ, ಒಂದು ಲೋಟ ಅಕ್ಕಿ. ಒಂದೇ ಲೋಟ!” ಎಂದು ಅಮ್ಮ ಮಲಗಿದಲ್ಲಿಂದ ಕೂಗುತ್ತಿದ್ದರು. ಎರಡು ವಾರಕ್ಕೆ ಇಬ್ಬರ ಅಡಿಗೆ ಮೂವರ ಅಡಿಗೆಗೆ ಬಂದು ನಿಂತಿತು. ಅದಕ್ಕಿಂತ ಕೆಳಗೆ ಅವರಿಂದ ಇಳಿಯಲಾಗಲಿಲ್ಲ. ಮೂರನೆಯ ಪಾಲು ಡಬ್ಬಿಯಲ್ಲಿ ನನಗೆ ಬರತೊಡಗಿತು. ಹೆಸರುಬೇಳೆ ಕೋಸಂಬರಿ, ಮೆಂತ್ಯಸೊಪ್ಪಿನ ಪಲ್ಯ, ದೊಡ್ಡಪತ್ರೆ ತಂಬುಳಿ. ಉಪ್ಪು ಕಡಿಮೆ ಇದ್ದರೂ ಶುಂಠಿಯೋ ನಿಂಬೆರಸವೋ ಅದನ್ನು ಮರೆಸುತ್ತಿತ್ತು. ಅಮ್ಮನ ಊಟ ಮಾತ್ರ ಏರಲಿಲ್ಲ. ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದರು. ಹಸಿವೇ ಇಲ್ಲ ಎನ್ನುತ್ತಿದ್ದರು.

“ಎಂಟ್ನೂರು ಜನ ಉಂಡ ಕೈ ಇದು. ಇವಳೊಬ್ಳಿಗೆ ಉಣ್ಸಕ್ಕೆ ಆಗ್ತಿಲ್ವಲ್ಲಮ್ಮ,” ಎಂದು ಅಯ್ನೋರು ಒಂದು ದಿನ ಮೆಟ್ಟಿಲ ಮೇಲೆ ಕೂತು ಹೇಳಿದರು. ಅವರು ದನಿ ತಗ್ಗಿಸಿ ಮಾತನಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಕೊರೋನಾ ಎರಡನೇ ಸಲ ಬಂತು. ಪುಣ್ಯಕ್ಕೆ ಅಮ್ಮನಿಗೆ ತಾಗಲಿಲ್ಲ. ಅಯ್ನೋರಿಗೆ ನಾಲ್ಕು ದಿನ ಜ್ವರ, ಒಂದಿಷ್ಟು ಕೆಮ್ಮು. ನಾನು ಅಮ್ಮನಿಗೆ ಗಂಜಿ ಮಾಡಿಕೊಟ್ಟು ನೋಡಿಕೊಂಡೆ. ಜ್ವರ ಬಿಟ್ಟು, ಅವರ ಹದಿನೈದು ದಿನದ ಮೂಲೆವಾಸವೂ ಮುಗಿದ ಮೇಲೆ ಮತ್ತೆ ಒಲೆಯ ಮುಂದೆ ನಿಂತರು. ನನ್ನ ಡಬ್ಬಿಯೂ ಮತ್ತೆ ಬಂತು.

ಆ ಸಾರನ್ನು ಅನ್ನಕ್ಕೆ ಕಲಸಿ ಬಾಯಿಗಿಟ್ಟೆ. ಶಿವನೇ! ಉಪ್ಪಿನಕಾಯಿಯ ಜಾಡಿ ತೊಳೆದ ನೀರಿನಂತಿತ್ತು. ಅರ್ಧ ಲೀಟರ್ ಮೊಸರು ಸುರಿದುಕೊಂಡು ಹೇಗೋ ಉಂಡೆ. ಮರುದಿನದ ಪಲ್ಯದಲ್ಲಿ ಉಪ್ಪೇ ಇರಲಿಲ್ಲ. ಅದರ ಮರುದಿನ ಮತ್ತೆ ಸಮುದ್ರ. ಸಂಜೆ ಡಬ್ಬಿ ವಾಪಸು ಕೊಡುವಾಗ ಅವರು ಬಾಗಿಲಲ್ಲೇ ಕಾಯುತ್ತಿದ್ದರು.

“ಹೆಂಗಿತ್ತಮ್ಮ?”

“ಚೆನ್ನಾಗಿತ್ತು ಅಯ್ನೋರೇ.”

ನನ್ನ ಹುಟ್ಟುಗುಣ ಇದು. ಹೇರ್ ಕಟ್ ಹಾಳಾದರೂ ಚೆನ್ನಾಗಿದೆ, ದರ್ಜಿ ತೋಳು ಬಿಗಿ ಹೊಲಿದರೂ ಚೆನ್ನಾಗಿದೆ. ಇಲ್ಲವೆಂದು ಹೇಳಿ ಎದುರಿನವರ ಮುಖ ಬಾಡುವುದನ್ನು ನೋಡುವುದಕ್ಕಿಂತ ಬಿಗಿ ತೋಳಿನಲ್ಲಿ ಕೈ ಜೋಮು ಹಿಡಿಸಿಕೊಳ್ಳುವುದೇ ನನಗೆ ಸುಲಭ. ಜ್ವರದಿಂದ ಎದ್ದ ಮುದುಕರು, ಪಾಪ, ಹೇಗೆ ಹೇಳುವುದು? ನಾಲ್ಕು ದಿನದಲ್ಲಿ ಸರಿಹೋಗುತ್ತದೆ ಬಿಡು ಎಂದುಕೊಂಡೆ.

ಒಂದು ಭಾನುವಾರ ಫೋನಿನಲ್ಲಿ ಮಾತನಾಡುತ್ತ ನನ್ನ ಒಗ್ಗರಣೆ ಸೀದು ಕರಕಲಾಯಿತು. ಮನೆಯೆಲ್ಲ ಹೊಗೆ. ಅಭ್ಯಾಸಬಲದಿಂದ ಕೆಳಗಿನ ಕೂಗಿಗೆ ಕಿವಿಗೊಟ್ಟು ನಿಂತೆ. ಕೂಗು ಬರಲಿಲ್ಲ. ಬಗ್ಗಿ ನೋಡಿದರೆ ಅಯ್ನೋರು ಮೆಟ್ಟಿಲ ಬುಡದಲ್ಲೇ ಕೂತು ಹೀರೇಕಾಯಿ ಹೆರೆಯುತ್ತಿದ್ದಾರೆ. ಹೊಗೆ ಅವರ ತಲೆಯ ಮೇಲಿಂದಲೇ ಹೋಗುತ್ತಿತ್ತು. ನನಗೆ ಆ ಕ್ಷಣವೇ ಅರ್ಥವಾಯಿತು, ಅವರ ಮೂಗು ಹೋಗಿದೆ. ಆದರೂ ಆ ಸಂಜೆ ಡಬ್ಬಿ ಕೊಡುವಾಗ ನನ್ನ ಬಾಯಿಂದ ಬಂದದ್ದು ಅದೇ ಮಾತು. ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಅಮ್ಮನ ಊಟ ಈ ನಡುವೆ ಸ್ವಲ್ಪ ಸುಧಾರಿಸಿದಂತೆ ಕಂಡಿತು. ಕೆಲವು ದಿನ ತಟ್ಟೆ ಖಾಲಿ ಮಾಡುತ್ತಿದ್ದರು. ಅಯ್ನೋರು ಹಿಗ್ಗಿದರು. ಮೂರು ವಾರ ಕಳೆಯುವಷ್ಟರಲ್ಲಿ ಅಮ್ಮನ ಪಾದ ಊದಿ ಚಪ್ಪಲಿ ಹಿಡಿಸದಾಯಿತು. ಎರಡು ದಿಂಬು ಇಟ್ಟರೂ ಮಲಗಿ ಉಸಿರಾಡಲು ಆಗಲಿಲ್ಲ. ಕಾರು ಮಾಡಿಕೊಂಡು ಶಿವಮೊಗ್ಗಕ್ಕೆ ಹೋದೆವು. ಡಾಕ್ಟರು ಅಮ್ಮನ ಕಾಲಿನ ಮೇಲೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದ ಮೇಲೂ ಗುಳಿ ಹಾಗೇ ಇತ್ತು.

“ಇವರಿಗೆ ಉಪ್ಪು ಯಾರ್ರೀ ಕೊಡ್ತಿರೋದು?”

“ನಾನೇ ಸಾರ್ ಅಡಿಗೆ ಮಾಡೋದು. ಜಾಸ್ತಿ ಹಾಕಿಲ್ಲ, ಶಿವನಾಣೆ.”

“ಆಣೆ ಎಲ್ಲ ಬೇಡ. ಇನ್ನೊಂದ್ಸಲ ಹೀಗೆ ನೀರು ತುಂಬಿದ್ರೆ ಹೃದಯ ತಡ್ಕೊಳ್ಳಲ್ಲ. ಆಗ ನನ್ನ ಹತ್ರ ಕರ್ಕೊಂಡ್ ಬಂದೂ ಉಪಯೋಗ ಇಲ್ಲ.”

ಚುಚ್ಚುಮದ್ದು ಕೊಟ್ಟು, ಮೂರು ದಿನ ಇರಿಸಿಕೊಂಡು ಕಳಿಸಿದರು. ಮನೆಗೆ ಬಂದ ಮರುದಿನ ಬೆಳಿಗ್ಗೆ ಅಯ್ನೋರು ಅಡಿಗೆಮನೆಯ ಹೊಸ್ತಿಲಾಚೆ ನಿಂತಿದ್ದರು. ಒಲೆ ಹಚ್ಚಿರಲಿಲ್ಲ.

“ಮಗಳಿಗೆ ಫೋನ್ ಮಾಡ್ತೀನಿ. ಇವಳನ್ನ ಕರ್ಕೊಂಡ್ ಹೋಗ್ಲಿ,” ಎಂದರು. “ನನ್ ಕೈಯಡಿಗೆ ಉಂಡು ಯಾರೂ ಹಾಸಿಗೆ ಹಿಡಿದಿರ್ಲಿಲ್ಲ. ಕಟ್ಕೊಂಡೋಳ್ನೇ ಕೊಲ್ಲಕ್ಕೆ ಹೊರಟಿದ್ನಲ್ಲಮ್ಮ. ಎಲ್ಲಿ ತಪ್ತು ಅಂತಾನೂ ಗೊತ್ತಾಗ್ತಿಲ್ಲ.”

ಎಲ್ಲಿ ತಪ್ಪಿತೆಂದು ನನಗೆ ಗೊತ್ತಿತ್ತು. ಈ ಸಲ ಹೇಳಿದೆ.

“ಅಯ್ನೋರೇ, ನಿಮಗೆ ವಾಸನೆ ಬರ್ತಿಲ್ಲ. ಜ್ವರ ಬಂದಾಗಿಂದ. ಒಂದು ದಿನ ಉಪ್ಪು ವಿಷ, ಒಂದು ದಿನ ಸಪ್ಪೆ. ನಾನು ಚೆನ್ನಾಗಿದೆ ಅಂದಿದ್ದೆಲ್ಲ ಸುಳ್ಳು.”

ಅವರು ಒಳಗೆ ಹೋಗಿ ಇಂಗಿನ ಡಬ್ಬಿ ತಂದರು. ಮುಚ್ಚಳ ತೆಗೆದು ಮೂಗಿಗೆ ಹಿಡಿದರು. ನಾನು ಎರಡು ಮಾರು ದೂರದಲ್ಲಿದ್ದೆ, ನನಗೇ ಘಾಟು ಬಡಿಯಿತು. ಅವರು ಡಬ್ಬಿಯನ್ನು ನನ್ನ ಕಡೆ ಚಾಚಿದರು.

“ಇದು ವಾಸನೆ ಬರುತ್ತಾ?”

“ಬರುತ್ತೆ. ಜೋರಾಗೇ ಬರುತ್ತೆ.”

“ಕಲಬೆರಕೆ ಅನ್ಕೊಂಡಿದ್ದೆ ಮಾರಾಯ್ತಿ,” ಎಂದು ಅಲ್ಲೇ ಗೋಡೆಗೊರಗಿ ಕುಸಿದರು. “ಮೂರು ಅಂಗಡಿ ಬದಲಾಯಿಸ್ದೆ. ಶೆಟ್ಟರ ಜೊತೆ ಜಗಳ ಆಡ್ದೆ. ಕರಿಬೇವಿಗೂ ವಾಸನೆ ಇಲ್ಲ, ಕೊತ್ತಂಬರಿಗೂ ಇಲ್ಲ, ಈಗಿನ ಕಾಲದ ಸಾಮಾನೇ ಹಿಂಗೆ ಅನ್ಕೊಂಡೆ. ಉಣ್ಣೋವಾಗ ನಾಲಿಗೆಗೂ ರುಚಿ ಹತ್ತಲ್ಲ, ಜ್ವರದ ಬಾಯಿ ಅನ್ಕೊಂಡೆ. ಸಾರು ಕುದಿಯುತ್ತೆ, ಮಾತಾಡಲ್ಲ. ಉಪ್ಪು ಬಿದ್ದಿಲ್ಲವೇನೋ ಅಂತ ಇನ್ನೊಂದು ಚೂರು ಹಾಕೋದು. ಮಾರನೇ ದಿನ ಹೆದ್ರಿಕೆಯಾಗಿ ಹಾಕ್ತಾನೇ ಇರ್ಲಿಲ್ಲ. ಯಾವ್ದು ಸರಿ ಯಾವ್ದು ತಪ್ಪು ಅಂತ ಹೇಳಕ್ಕೆ ನೀನೊಬ್ಳೇ ಇದ್ದಿದ್ದು.” ನನ್ನನ್ನೇ ನೋಡಿದರು. “ನೀನು ದಿನಾ ಚೆನ್ನಾಗಿದೆ ಅಂದೆ. ನಾನು ನಂಬ್ದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ನಂಬಿದೆ ಎಂದದ್ದನ್ನು ತಡೆಯಲಾಗಲಿಲ್ಲ. ಜೋರಾಗಿ ಅತ್ತೆ.

ಆಗ ಒಳಗಿನ ಮಂಚದಿಂದ ಅಮ್ಮನ ದನಿ ಬಂತು: “ಅವಳೊಬ್ಳನ್ನೇ ಯಾಕ್ ಅಳಿಸ್ತೀರಿ? ನಂಗೂ ಗೊತ್ತಿತ್ತು ಕಣ್ರೀ.”

“ನಿಂಗೂ?”

“ಉಪ್ಪು ಜಾಸ್ತಿ ಬಿದ್ದ ದಿನ ಬಾಯಿಗೆ ರುಚಿಯಾಗೋದು. ಹೇಳಿದ್ರೆ ನಿಲ್ಲಿಸ್ತೀರಲ್ಲ ಅಂತ ಸುಮ್ನೆ ಉಂಡೆ.”

ಅಯ್ನೋರು ತಲೆಗೆ ಕೈ ಹಚ್ಚಿದರು. ಒಂದು ಮನೆಯಲ್ಲಿ ರುಚಿ ತಿಳಿದು ಉಣ್ಣುವವರು ಇಬ್ಬರು, ಇಬ್ಬರೂ ಕಳ್ಳರು. ಅವರಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ, ಹೊಟ್ಟೆ ಮಾತ್ರ ಕುಲುಕುತ್ತಿತ್ತು.

ದಾರಿ ತೋರಿಸಿದವರು ಅಮ್ಮನೇ. “ಅಡಿಗೆಗೆ ಉಪ್ಪೇ ಹಾಕ್ಬೇಡಿ. ಹಬ್ಬದಲ್ಲಿ ಎಲೆ ತುದಿಗೆ ಉಪ್ಪು ಬಡಿಸಲ್ವಾ, ಹಂಗೆ ನನ್ ತಟ್ಟೆಗೆ ಬಡಿಸಿ. ದಿನದ ಅರ್ಧ ಚಮಚ ಬೆಳಿಗ್ಗೇನೇ ಕುಂಕುಮದ ಬಟ್ಟಲಿಗೆ ಹಾಕಿ ನನ್ ಕೈಗೆ ಕೊಟ್ಬಿಡಿ. ಸಾರಿಗೆ ಎಷ್ಟು, ಪಲ್ಯಕ್ಕೆ ಎಷ್ಟು, ನಾನೇ ನೋಡ್ಕೋತೀನಿ. ಮುಗೀತು ಅಂದ್ರೆ ಮುಗೀತು.”

ಉಪ್ಪಿಲ್ಲದೆ ಬೇಳೆ ಕುದಿಸುವುದೆಂದರೆ ಅಯ್ನೋರಿಗೆ ಜೀವ ಹೋದಷ್ಟು ಸಂಕಟ. ಆದರೂ ಒಪ್ಪಿದರು. ಉಳಿದ ಹುಳಿ, ಖಾರ, ಒಗ್ಗರಣೆಯ ಹದ ನೋಡುವವರು ಯಾರು? ಅದಕ್ಕೂ ಅವರೇ ಉಪಾಯ ಹುಡುಕಿದರು. ಮರುದಿನ ಬೆಳಿಗ್ಗೆ ನನ್ನನ್ನು ಕೆಳಗೆ ಕರೆದರು. ಸೌಟಿನಿಂದ ಎರಡು ಹನಿ ಸಾರನ್ನು ಎತ್ತರದಿಂದ ನನ್ನ ಅಂಗೈಗೆ ಬಿಟ್ಟರು. ಸೌಟು ತಾಗಲಿಲ್ಲ, ಎಂಜಲಾಗಲಿಲ್ಲ. “ಆ ಕಡೆ ತಿರುಗಿ ನೆಕ್ಕು. ಕೈ ತೊಳ್ಕೊಂಡು ಬಂದು ಹೇಳು. ನೋಡು, ಇವತ್ತು ಸುಳ್ಳು ಹೇಳಿದ್ರೆ ಮೇಲಿನ ಮನೆ ಖಾಲಿ ಮಾಡು.”

ಬಚ್ಚಲಿನ ಹತ್ತಿರ ಹೋಗಿ ನೆಕ್ಕಿದೆ. ಕೈ ತೊಳೆದು ಬರುವ ಆ ಹತ್ತು ಹೆಜ್ಜೆಯಲ್ಲಿ ನನ್ನ ಹಳೆಯ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು.

“ಚೆನ್ನಾಗಿಲ್ಲ ಅಯ್ನೋರೇ. ಹುಳಿ ಜಾಸ್ತಿ. ಪುಡಿ ಇನ್ನೂ ಹಸಿ ಇದೆ.”

ಅವರ ಮುಖ ಬಾಡಲಿಲ್ಲ. ಅರಳಿತು. “ಹೌದಾ? ಹುಳೀನಾ? ಅಬ್ಬ, ಸದ್ಯ!” ಎಂದು ಬೆಲ್ಲದ ಡಬ್ಬಿಗೆ ಕೈ ಹಾಕಿದರು. “ಇನ್ನೈದ್ನಿಮಿಷ ಕುದೀಲಿ. ಹೋಗ್ಬೇಡ, ನಿಂತ್ಕೋ.”

ಅಂದಿನಿಂದ ದಿನವೂ ಬಸ್ಸಿಗೆ ಹೊರಡುವ ಮುಂಚೆ ನನ್ನ ಅಂಗೈಗೆ ಎರಡು ಹನಿ. ಖಾರ ಕಮ್ಮಿ, ತೆಂಗಿನಕಾಯಿ ಹೆಚ್ಚಾಯಿತು, ಬೇಳೆ ಮುಗ್ಗಲು ವಾಸನೆ ಎಂದು ನಿಜ ಹೇಳುತ್ತ ಹೇಳುತ್ತ ನನಗೆ ಅಡಿಗೆಯ ಹದ ಸಿಕ್ಕಿತು. ಒಂದು ತಿಂಗಳಾದ ಮೇಲೆ ದರ್ಜಿಗೂ ತೋಳು ಬಿಗಿ ಎಂದು ಹೇಳಿದೆ. ಅವನು ಏನೂ ಸಾಯಲಿಲ್ಲ, ಬಿಚ್ಚಿ ಹೊಲಿದುಕೊಟ್ಟ. ಅಯ್ನೋರ ಮೂಗು ಮಾತ್ರ ಪೂರ್ತಿ ಮರಳಲಿಲ್ಲ. ಕಾಫಿ ಪುಡಿಯ ವಾಸನೆ ಒಂದಿಷ್ಟು ಬರುತ್ತದೆ ಎನ್ನುತ್ತಿದ್ದರು. ನನಗೆ ಅದೂ ಅನುಮಾನವೇ.

ಅಮ್ಮ ಈಗ ನವುಲೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಹೋದ ಭಾನುವಾರ ನಾನು ಹೋದಾಗ ಚಪ್ಪರದವರೆಕಾಯಿ ಬಿಡಿಸುತ್ತ ಕೂತಿದ್ದರು, ಕಾಲಿಗೆ ಚಪ್ಪಲಿ ಇತ್ತು. ಆದರೆ ನನಗೆ ಅಯ್ನೋರು ಎಂದಾಗ ಕಣ್ಣಿಗೆ ಬರುವುದು ಆ ವರ್ಷ, ಉಪ್ಪಿನ ಬಟ್ಟಲು ಶುರುವಾಗಿ ಒಂದು ತಿಂಗಳಾದ ಮೇಲೆ ಅಮ್ಮನನ್ನು ಶಿವಮೊಗ್ಗಕ್ಕೆ ತೋರಿಸಲು ಹೋದ ದಿನ. ಡಾಕ್ಟರು ಮತ್ತೆ ಅಮ್ಮನ ಕಾಲಿನ ಮೇಲೆ ಬೆರಳು ಒತ್ತಿ ತೆಗೆದರು. ಗುಳಿ ಬೀಳಲಿಲ್ಲ. ಅಯ್ನೋರು ಆ ಕಾಲನ್ನೇ ನೋಡುತ್ತಿದ್ದರು, ಡಾಕ್ಟರು ಹೇಳಿದ್ದು ಒಂದೂ ಅವರ ಕಿವಿಗೆ ಬೀಳಲಿಲ್ಲ. ಹೊರಗೆ ಬಂದು ನನ್ನನ್ನೇ ಕೇಳಿದರು, “ಏನಂದ್ರು? ಉಳ್ಕೊಂಡ್ಳಾ?”

“ಉಳ್ಕೊಂಡ್ರು ಅಯ್ನೋರೇ.”

ವಾಪಸು ಬರುವಾಗ ಕಾರು ಶಿವಮೊಗ್ಗ ದಾಟುವಷ್ಟರಲ್ಲಿ ಮಧ್ಯಾಹ್ನ ಒಂದೂವರೆಯಾಗಿತ್ತು. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದ ಅಮ್ಮ ಇದ್ದಕ್ಕಿದ್ದಂತೆ ಎದ್ದು ಕೂತರು.

“ರೀ, ಹಸಿವಾಗ್ತಿದೆ.”

ಅಯ್ನೋರು ತಿರುಗಿ ನೋಡಿದರು. ಆರು ತಿಂಗಳಿಂದ ಆ ಬಾಯಲ್ಲಿ ಕೇಳದ ಮಾತು.

ಡ್ರೈವರು ವೇಗ ತಗ್ಗಿಸಿದ. “ಮುಂದೆ ಒಳ್ಳೆ ಹೋಟೆಲ್ ಇದೆ ಸಾರ್. ನಿಲ್ಲಿಸ್ಲಾ?”

ಅಯ್ನೋರು ಇನ್ನೂ ಹೆಂಡತಿಯನ್ನೇ ನೋಡುತ್ತಿದ್ದರು. ಅಮ್ಮನೇ ಹೇಳಿದರು.

“ಬೇಡಪ್ಪ, ಮನೆಗೇ ನಡಿ. ಇವ್ರು ಮಾಡಿದ್ದೇ ಉಣ್ಬೇಕು ನಾನು.”